ಒಲೆಗೆ ಬಿದ್ದ ಮಾತ್ರೆ

ಸೂಳೆಕೆರೆ ಪಕ್ಕದ ನಮ್ಮ ಅಡುಗೆಮನೆಯಲ್ಲಿ ಆ ಮಧ್ಯಾಹ್ನ ಅಜ್ಜಿ, ಅಮ್ಮ, ನಾನು ಮೂವರೇ ಇದ್ದೆವು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಈಗಲೂ ಅದೇ ನೆನಪಾಗುತ್ತದೆ. ತಿಂಗಳುಗಟ್ಟಲೆ ಮಂಕಾಗಿ ಮಲಗಿದ್ದ ಅಮ್ಮ, ಖಿನ್ನತೆಗೆ ಡಾಕ್ಟರು ಕೊಟ್ಟ ಮಾತ್ರೆಯಿಂದ ಎದ್ದು ಓಡಾಡತೊಡಗಿದ್ದಳು. ಅಂದು ಮೀನು ತೊಳೆಯುತ್ತಾ ಏನಕ್ಕೋ ನಕ್ಕುಬಿಟ್ಟಳು.

“ನಗಾಕೆ ಬಂತಲ್ಲ, ಇನ್ಯಾಕೆ ಹುಚ್ಚರ ಗುಳಿಗೆ?” ಎನ್ನುತ್ತಾ ಅಜ್ಜಿ ಮಾತ್ರೆಯ ಪಟ್ಟಿಯನ್ನೇ ಒಲೆಗೆಸೆದಳು.

“ನಡುವೆ ಬಿಡಬ್ಯಾಡ ಅಂದವ್ರೆ ಕಣ್ರೀ ಅತ್ತೆ. ಮಿದುಳಿಗೂ ಕಾಯ್ಲೆ ಬರ್ತೈತಂತೆ, ನಿಮ್ಮ ಸಕ್ಕರೆ ಕಾಯ್ಲೆ ಹೆಂಗೋ ಹಂಗೆ.”

“ನಂದು ರಕ್ತದಾಗೈತೆ, ಮಷಿನ್ ತೋರಿಸ್ತೈತೆ. ನಿಂದೆಲ್ಲೈತೆ, ತೋರಿಸು ನೋಡಾನ.”

ಅಮ್ಮ ಮೀನಿನ ಪೊರೆ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತಾ ಕೂತಳು.

ಆಮೇಲೆ ಮನೆಗೆ ಆ ಮಾತ್ರೆ ತರಲು ಅಜ್ಜಿ ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಅಮ್ಮ ಮತ್ತೆ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ನೋಡಲು ಬಂದ ಚಿಕ್ಕಮ್ಮನಿಗೆ ಅಜ್ಜಿ ಹೇಳಿದಳು: “ಆ ಗುಳಿಗೆ ತಿಂದೇ ಹಿಂಗಾದ್ಲು.”