ಶೆಡ್ಡಿನಲ್ಲಿ ಲೇತ್ ತಿರುಗುವಾಗ

ಹಿತ್ತಿಲ ಶೆಡ್ಡಿನಲ್ಲಿ ಲೇತ್ ತಿರುಗತೊಡಗಿತು. ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

“ದಿನಾ ಹೀಗೇನಾ?” ತಂಗಿ ದನಿ ತಗ್ಗಿಸಿ ಕೇಳಿದಳು.

“ದಿನಾ. ಮಧ್ಯಾಹ್ನ ಆಯ್ತು ಅಂದ್ರೆ ಶುರು.”

“ಒಂದ್ಸಲಾನೂ ಹೋಗಿ ನೋಡಿಲ್ವಾ?”

“ಇಲ್ಲದವರನ್ನ ನೋಡೋದೇನಿದೆ?”

ತಂಗಿ ಸೂಟ್‌ಕೇಸಿನ ಬಟ್ಟೆಗಳನ್ನು ಒತ್ತಿ ಜೋಡಿಸತೊಡಗಿದಳು. ಇನ್ನು ಸ್ವಲ್ಪ ದಿನ ಇಲ್ಲಿದ್ದರೆ ನಿನಗೆ ತಲೆ ಕೆಡುತ್ತದೆ ಎಂದು ಫೋನಿನಲ್ಲೇ ಗದರಿ, ಅಕ್ಕನನ್ನು ತನ್ನ ಮನೆಗೆ ಕರೆದೊಯ್ಯಲೆಂದೇ ಬಂದಿದ್ದಳು.

ಆ ಮಧ್ಯಾಹ್ನವೂ ಲೇತ್ ಹೀಗೆಯೇ ತಿರುಗುತ್ತಿತ್ತು. ಮರ ಕಡೆಯುವುದರಲ್ಲಿ ಗಂಡನದು ಪಳಗಿದ ಕೈ. ಹಿಡಿದು ತಿರುಚಿದರೆ ಕಾಳುಮೆಣಸು ಪುಡಿಯಾಗಿ ಉದುರುವ ಸಣ್ಣ ಕೈಗಿರಣಿಗಳನ್ನು ಮಾಡುವುದು ಅವನ ಕಸುಬು. ಮೇಲೂ ಕೆಳಗೂ ಮರ, ನಡುವೆ ಗಾಜಿನಂತೆ ಹೆಪ್ಪುಗಟ್ಟಿದ ರೆಸಿನ್ ಎಂಬ ಅಂಟು. ಉಳಿ ಹಿಡಿದನೆಂದರೆ ಲೋಕವೇ ಮರೆತುಹೋಗುತ್ತಿತ್ತು. ಶೆಡ್ಡಿನ ಪಕ್ಕ ನೆಲದೊಳಗೆ ನೀರಿನ ತೊಟ್ಟಿ. ಅಂದು ಅದರ ಮುಚ್ಚಳ ತೆರೆದೇ ಇತ್ತು. ಲೇತಿನ ಸದ್ದಿನಲ್ಲಿ ಕೂಗು ಯಾರಿಗೂ ಕೇಳಿಸಲಿಲ್ಲ. ಅವಳು ಕೆಲಸದಿಂದ ಓಡೋಡಿ ಬರುವಷ್ಟರಲ್ಲಿ ಅಕ್ಕಪಕ್ಕದವರು ದೇಹವನ್ನು ಮೇಲೆತ್ತಿ ಮಲಗಿಸಿದ್ದರು. ಆವತ್ತಿಗೆ, ಅವಳ ಪಾಲಿಗೆ, ಗಂಡನ ಕಥೆ ಮುಗಿಯಿತು.

ಮುಗಿಯಿತು ಎಂದುಕೊಂಡಿದ್ದಳು. ಮನೆಯಲ್ಲಿ ಅವನ ಸುಳಿದಾಟ ಮಾತ್ರ ನಿಲ್ಲಲಿಲ್ಲ. ಬೆಳಗಾದರೆ ಹೊಸಿಲ ಬಳಿ ಮರದ ಸುರುಳಿ ಸಿಪ್ಪೆ. ಬಚ್ಚಲಲ್ಲಿ ರೆಸಿನ್ನಿನ ಘಾಟು. ನಡುಮನೆಯಲ್ಲಿ ಅವನದೇ ಕೆಮ್ಮು. ಅವಳು ಕತ್ತೆತ್ತುತ್ತಿರಲಿಲ್ಲ. ಆದರೂ ಮನಸ್ಸು ತಡೆಯದೆ ಒಂದು ತಟ್ಟೆ ಊಟ ಮುಚ್ಚಿಡುತ್ತಿದ್ದಳು. ಮರುದಿನ ಆ ತಟ್ಟೆ ತೊಳೆದು ಬೋರಲಿಟ್ಟಿರುತ್ತಿತ್ತು. ಪಕ್ಕದಲ್ಲಿ ಒಮ್ಮೊಮ್ಮೆ ಹೊಸದೊಂದು ಗಿರಣಿ. ಅದನ್ನು ಕಣ್ಣೆತ್ತಿಯೂ ನೋಡದೆ ಬೀರುವಿನ ಮೂಲೆಗೆ ತಳ್ಳುತ್ತಿದ್ದಳು.

“ಇನ್ನೂ ತಟ್ಟೆ ಮುಚ್ಚಿಡ್ತೀಯಾ?” ಬಂದವಳೇ ತಂಗಿ ಕೇಳಿದ್ದಳು.

“ಅಭ್ಯಾಸ ಕಣೆ. ಬಿಟ್ಟು ಹೋಗಲ್ಲ.”

ಈಗ ಟವೆಲ್ ತೆಗೆಯಲು ಬೀರು ತೆರೆದ ತಂಗಿಯ ಕಾಲ ಮೇಲೆ ಗಿರಣಿಗಳು ದಬದಬ ಉರುಳಿದವು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿಳಿಯಾದ ರೆಸಿನ್ನಿನೊಳಗೆ ಬಣ್ಣದ ಪೆನ್ಸಿಲಿನ ತುಂಡುಗಳು ಮುಳುಗಿ ನಿಂತಿದ್ದವು.

“ಅಕ್ಕಾ... ಇವು ಪುಟ್ಟನ ಪೆನ್ಸಿಲ್ ಅಲ್ವೇನೇ?”

ಅವಳು ಕಿತ್ತುಕೊಂಡಳು. ಹಸಿರು ಪೆನ್ಸಿಲಿನ ತುದಿಯಲ್ಲಿ ಹಲ್ಲಿನ ಗುರುತು. ಪೆನ್ಸಿಲ್ ತಿನ್ಬೇಡ್ವೋ ಎಂದು ಮಗನಿಗೆ ಬೈದು ಬೈದು ಸಾಕಾಗಿತ್ತು ಅವಳಿಗೆ. ಆ ಪೆನ್ಸಿಲ್ ಡಬ್ಬಿಗಾಗಿ ಮನೆಯೆಲ್ಲ ಜಾಲಾಡಿದ್ದಳು.

ಅಷ್ಟರಲ್ಲಿ ಶೆಡ್ಡಿನಲ್ಲಿ ಏನೋ ಸಿಡಿದ ಸದ್ದು. ಲೇತ್ ನರಳುತ್ತಾ ನಿಧಾನವಾಗಿ ನಿಂತಿತು. ಬೀದಿಯಲ್ಲಿ ಟ್ಯಾಕ್ಸಿ ಹಾರ್ನ್ ಹೊಡೆಯಿತು.

ತಂಗಿ ಅವಳ ರಟ್ಟೆ ಹಿಡಿದಳು. “ಹೋಗ್ಬೇಡ ಅಕ್ಕಾ. ಈಗ ಹೋದ್ರೆ ನೀನು ಅಲ್ಲೇ ಉಳ್ಕೊಂಡ್ಬಿಡ್ತೀಯ.”

ಅವಳು ಕೈ ಕೊಡವಿಕೊಂಡು ಹಿತ್ತಿಲಿಗೆ ಇಳಿದಳು. ತೊಟ್ಟಿಯ ಬಾಯಿಗೆ ಈಗ ಸಿಮೆಂಟು ಮೆತ್ತಿತ್ತು. ಅದರ ಮೇಲೆ ಕಾಲಿಡದೆ ಸುತ್ತಿ ನಡೆದಳು. ಶೆಡ್ಡಿನ ಬಾಗಿಲು ತಳ್ಳಿದಳು.

ಓರೆ ಬಿಸಿಲಿನಲ್ಲಿ ಮರದ ಪುಡಿ ತೇಲುತ್ತಿತ್ತು. ಲೇತಿನಲ್ಲಿ ಅರ್ಧ ಒಡೆದ ಗಿರಣಿ. ಮೂಲೆಯಲ್ಲಿ ಅವನು ನಿಂತಿದ್ದ. ಅದೇ ಏಪ್ರನ್. ತಲೆ, ಹುಬ್ಬು, ರೆಪ್ಪೆ ಎಲ್ಲ ಪುಡಿ ಕೂತು ಬೆಳ್ಳಗೆ. ಮುಖದಲ್ಲಿ ರಕ್ತವೇ ಇರಲಿಲ್ಲ. ರಕ್ತವೆಲ್ಲ ಅಂಗೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹತ್ತಿರ ಹೋಗಿ ಆ ಕೈಯನ್ನು ಹಿಡಿದಳು. ಕೈ ಬೆಚ್ಚಗಿತ್ತು.

“ಗಾಯ ಆಳವಾಗಿದ್ಯಾ?” ಎಂದು ಕೇಳಿದಳು. ಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಗಂಡನೊಂದಿಗೆ ಅವಳು ಆಡಿದ ಮೊದಲ ಮಾತು ಅದು.