ಚಕ್ರದಡಿಯ ನಿಂಬೆಹಣ್ಣು

ಫ್ಯಾಕ್ಟರಿ ಬಸ್ಸಿನ ಮುಂದಿನ ಎಡಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಇವತ್ತೂ ಮಾಯವಾಗಿತ್ತು. ಉಮಾಶಂಕರ್ ಪೂಜೆಯ ತಟ್ಟೆಯಿಂದ ಇನ್ನೊಂದನ್ನು ತಂದಿಟ್ಟು, ಬಸ್ಸಿಗೆ ಕಟ್ಟಿದ್ದ ಬಾಳೆಕಂದಿನ ಮರೆಯಲ್ಲಿ ಕಾವಲು ನಿಂತ.

ಸೋಂಪುರದ ಆ ಫ್ಯಾಕ್ಟರಿಯಲ್ಲಿ ಇವತ್ತು ಆಯುಧಪೂಜೆ. ನಿನ್ನೆಯೂ ಆಯುಧಪೂಜೆ, ಮೊನ್ನೆಯೂ ಆಯುಧಪೂಜೆ. ಮಲಗಿ ಎದ್ದರೆ ಮತ್ತೆ ಅದೇ ಬೆಳಿಗ್ಗೆ, ಅದೇ ಕಡ್ಲೆಪುರಿ, ಅದೇ ಸ್ವೀಟ್ ಬಾಕ್ಸ್. ಇದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಕೆಲಸವಿಲ್ಲದೆ ಸ್ವೀಟ್ ತಿನ್ನುವುದು ಯಾರಿಗೆ ಬೇಡ? ಸಂಕಟ ಬೇರೆಯೇ ಇತ್ತು. ಮೊದಲ ಆಯುಧಪೂಜೆಯ ದಿನ ಪ್ಯಾಕಿಂಗ್ ಸೆಕ್ಷನ್ನಿನ ಯಶಸ್ವಿನಿಗೆ ತನ್ನ ಪ್ರೀತಿಯನ್ನು ಹೇಳಿಬಿಟ್ಟಿದ್ದ. "ನಾಳೆ ಹೇಳ್ತೀನಿ" ಅಂದಿದ್ದಳು. ಆ ನಾಳೆ ಬರಲೇ ಇಲ್ಲ.

ಸುಮ್ಮನೆ ಬಿಡುವ ಆಸಾಮಿಯಲ್ಲ ಅವನು. ದಿನಾ ಹೊಸದಾಗಿ ಕೇಳಿದ. ಬಸ್ಸಿನ ಗಾಜಿನ ಮೇಲೆ ವಿಭೂತಿಯಲ್ಲಿ ಅವಳ ಹೆಸರು ಬರೆದ. ಪೂಜೆಯ ಮೈಕಿನಲ್ಲೇ ಕೇಳಿ ಮ್ಯಾನೇಜರ್ ಕೈಲಿ ಬೈಸಿಕೊಂಡ. ಒಂದು ದಿನವಂತೂ ಮಾತೇ ಹೊರಡದೆ ಚೆಂಡುಹೂವಿನ ಹಾರ ಅವಳ ಕೈಗಿಟ್ಟು ಓಡಿಹೋದ. ಅವಳು ಪ್ರತಿಸಲವೂ ಮೊದಲ ಸಲ ಕೇಳಿದವಳಂತೆ ಕಣ್ಣರಳಿಸಿ, ನಾಳೆ ಹೇಳುತ್ತೇನೆಂದೇ ಅನ್ನುತ್ತಿದ್ದಳು.

ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿದುಕೊಂಡೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಅದು ಹೊರಟ ಲೆಕ್ಕವೇ ಅಲ್ಲ ಎಂದು ಡ್ರೈವರ್ ಕೊಂಡಪ್ಪ ದಿನಾ ಹೇಳುತ್ತಿದ್ದ. ಹಣ್ಣು ಮಾಯವಾಗುವುದಕ್ಕೇ ದಿನವೂ ಮುಂದೆ ಹೋಗುತ್ತಿಲ್ಲ ಎಂದು ಇವನ ತಲೆಗೆ ಹೊಳೆದದ್ದು ಇವತ್ತು.

ಯಶಸ್ವಿನಿ ಬಂದಳು. ಅತ್ತಿತ್ತ ನೋಡಿ, ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ಹಣ್ಣನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು.

"ನೀನಾ ಅದನ್ನ ತಗೊಳ್ತಿರೋದು?" ಉಮಾಶಂಕರ್ ಮರೆಯಿಂದ ಹೊರಬಂದ.

ಅವಳ ಮುಖ ಕೆಂಪಾಯಿತು. "ಮೈಕಲ್ಲಿ ಕೇಳಿದ್ಯಲ್ಲ, ಅದು ಎಲ್ಲಕ್ಕಿಂತ ಚೆನ್ನಾಗಿತ್ತು."

ಅಂದರೆ ಇವಳಿಗೂ ಎಲ್ಲ ನೆನಪಿದೆ. ಉಮಾಶಂಕರನಿಗೆ ನಾಚಿಕೆಯೂ ಖುಷಿಯೂ ಒಟ್ಟಿಗೇ ನುಗ್ಗಿ ಬಂದು ಕಾಲು ನೆಲದ ಮೇಲೆ ನಿಲ್ಲದಾಯಿತು. ಅವಳು ಹಣ್ಣು ಕದ್ದದ್ದನ್ನು ತಲೆತಗ್ಗಿಸಿ ಒಪ್ಪಿಕೊಂಡಳು. ಮೊದಲ ದಿನ ಅವನ ಮಾತು ಕೇಳಿ ಬಾಯಿ ಒಣಗಿತ್ತಂತೆ, ಶರಬತ್ತಿಗೆ ಆಗುತ್ತದೆಂದು ಹಣ್ಣು ಎತ್ತಿಕೊಂಡಿದ್ದಳಂತೆ. ಮಾರನೆಯ ಬೆಳಿಗ್ಗೆ ಎದ್ದರೆ ಮತ್ತೆ ಅದೇ ದಿನ, ಇವನು ಮತ್ತೆ ಬಂದು ಕೇಳಿದ್ದ.

"ಆಮೇಲೂ ಯಾಕೆ ತಗೊಂಡೆ?"

"ನಾಳೆ ಅನ್ನೋದು ಬಂದು ನಾನು ಹೂಂ ಅಂದ್ಬಿಟ್ರೆ, ನೀನು ಕೇಳೋದು ನಿಲ್ಲಿಸ್ಬಿಡ್ತೀಯಲ್ಲ."

"ನಿಲ್ಸಲ್ಲ. ಹೂಂ ಅಂದ್ಮೇಲೂ ದಿನಾ ಕೇಳ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ, ಹಣ್ಣನ್ನು ಚಕ್ರದಡಿ ಇಟ್ಟಳು.

ಇಬ್ಬರೂ ಬಸ್ ಹತ್ತಿ ಪಕ್ಕಪಕ್ಕ ಕುಳಿತರು. ಕೊಂಡಪ್ಪ ಗೇರ್ ಹಾಕಿದ. ಕೆಳಗೆ ಪಚಕ್ಕೆಂದಿತು. ಉಮಾಶಂಕರ್ ಗೆದ್ದವನಂತೆ ನಕ್ಕು, ಹಾಗಾದರೆ ನಾಳೆ ಬಸ್ಸಿನಲ್ಲಿ ಸಿಗೋಣ ಅಂದ.

"ನಾಳೆ ವಿಜಯದಶಮಿ ಕಣೋ, ಬಸ್ ಇಲ್ಲ. ಮನೆಗೇ ಬಂದು ಕೇಳು. ಅಪ್ಪ ಇರ್ತಾರೆ."

ಉಮಾಶಂಕರ್ ಥಟ್ಟನೆ ಹಿಂದಿನ ಗಾಜಿನತ್ತ ತಿರುಗಿದ. ನಿಂಬೆಹಣ್ಣು ಅಪ್ಪಚ್ಚಿಯಾಗಿ ನೆಲಕ್ಕೆ ಅಂಟಿತ್ತು.