ಎಡಗಾಲಿನ ಚಪ್ಪಲಿ

"ಹೂಂ, ಕುತ್ತಿಗೆ ಹಿಡ್ಕೋ," ಎಂದಳು ಟೈಲರಮ್ಮ. ಮಂಚದ ಮೇಲಿದ್ದ ಮಗಳು ಎರಡೂ ತೋಳುಗಳಿಂದ ಅಮ್ಮನ ಕುತ್ತಿಗೆಯನ್ನು ಬಳಸಿದಳು. ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲದ, ಇಪ್ಪತ್ತು ದಾಟಿದ ಮಗಳನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದರೇನೇ ಆ ಮನೆಗೆ ಬೆಳಗಾಗುವುದು. ಈಗ ಚುಚ್ಚುತ್ತದೆ ಬೆನ್ನು, ಈಗ ಚುಚ್ಚುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ಎತ್ತಿದಳು. ಚುಚ್ಚಲಿಲ್ಲ. ಸಣ್ಣಗೆ ನೋವು, ಅಷ್ಟೇ.

"ಗುಬ್ಬಿ, ನನ್ನ ಬೆನ್ನು ಸರಿಹೋಗ್ತಿದೆ ಕಣೇ. ಹಿಂದೆ ನಿನ್ನ ಎತ್ತೋವಾಗ ಜೀವ ಬಾಯಿಗೆ ಬರ್ತಿತ್ತು. ಈಗ ನೋಡು."

"ನಾನು ಹೇಳ್ಲಿಲ್ವಾ," ಎಂದಳು ಮಗಳು. ಅವಳ ಮುಖ ಅರಳಿತ್ತು.

ಅಮ್ಮನ ಬೆನ್ನಿನಲ್ಲಿ ಒಮ್ಮೆ ಆಪರೇಷನ್ ಆಗಿದ್ದ ಡಿಸ್ಕ್ ಅದೇ ಜಾಗದಲ್ಲಿ ಮತ್ತೆ ಜಾರಿತ್ತು. ಇನ್ನೊಂದು ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಎಡಗಾಲಿನ ಬಲವೇ ಹೋದೀತು ಎಂದಿದ್ದರು ಡಾಕ್ಟರು. ಅದಕ್ಕೆಲ್ಲ ಹೆದರುವವಳಲ್ಲ ಟೈಲರಮ್ಮ. ಅವಳು ಹೆದರಿದ್ದು ಆಮೇಲಿನ ಮಾತಿಗೆ. "ಆಪರೇಷನ್ ಆದಮೇಲೆ ಮಗಳನ್ನ ಎತ್ತೋದು ಮರೆತುಬಿಡಿ," ಎಂದಿದ್ದರು. ಮನೆಯಲ್ಲಿ ಎತ್ತುವವರು ಇನ್ಯಾರೂ ಇರಲಿಲ್ಲ. ಉಳಿದದ್ದು, ಇಂಥವರನ್ನು ನೋಡಿಕೊಳ್ಳುವ ಊರಾಚೆಯ ಹಾಸ್ಟೆಲು. ನೋಡೋಣ ಎಂದು ಎದ್ದು ಬಂದವಳು ಇವತ್ತಿನವರೆಗೂ ನೋಡುತ್ತಲೇ ಇದ್ದಳು. ಮಗಳಿಗೂ ಎಲ್ಲ ಗೊತ್ತಿತ್ತು. ಡಾಕ್ಟರು ಹೇಳುವಾಗ ಅವಳ ಕುರ್ಚಿಯೂ ಅಲ್ಲೇ ಇತ್ತಲ್ಲ.

ಮಧ್ಯಾಹ್ನ ಕಿಟಕಿಯ ಬಳಿ ಮಗಳ ಕೈಗೆ ಊಟದ ತಟ್ಟೆ ಕೊಟ್ಟು ಟೈಲರಮ್ಮ ಹೊಲಿಗೆ ಮಿಷಿನ್ನಿಗೆ ಕೂತಳು. ಒಂದು ತೋಳು ಹೊಲಿದು ತಲೆಯೆತ್ತಿದಾಗ, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೀದಿ ಬೆಕ್ಕು ಕಾಣಿಸಿತು.

"ಇದೇನೇ ಬೆಕ್ಕು ಹೀಗೆ ಊದಿದೆ? ಬಸುರಿನೋ ಏನೋ."

"ಅದು ಗಂಡು ಅಮ್ಮ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಹುಮ್ಮಸ್ಸಿನಲ್ಲೇ ಟೈಲರಮ್ಮ ಫೋನಿನ ಕಡೆ ಹೊರಟಳು. ಆಪರೇಷನ್ ಗೀಪರೇಷನ್ ಏನೂ ಬೇಡ ಎಂದು ಡಾಕ್ಟರಿಗೆ ಹೇಳಿ ಕೈತೊಳೆದುಕೊಳ್ಳಬೇಕು.

"ಅಮ್ಮ, ಚಪ್ಪಲಿ."

ತಿರುಗಿ ನೋಡಿದಳು. ಎಡಗಾಲಿನ ಚಪ್ಪಲಿ ಮಿಷಿನ್ನಿನ ಪೆಡಲಿನ ಮೇಲೇ ಉಳಿದಿತ್ತು. ಆ ಕಾಲು ಬರಿಗಾಲಾಗಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹೆಬ್ಬೆರಳು ಎತ್ತಲು ನೋಡಿದಳು. ಅದು ಮಾತು ಕೇಳಲಿಲ್ಲ. ಕಾಲು ಹೀಗಿರುವಾಗ ಬೆನ್ನು ಸರಿಹೋಗುವುದು ಎಲ್ಲಿಂದ ಬಂತು? ಮತ್ತೆ, ಎತ್ತುವುದು ಸುಲಭವಾದದ್ದು ಯಾಕೆ?

ಮಗಳ ಹತ್ತಿರ ಬಂದು ನಿಂತಳು. ತಾನೇ ಅಳತೆ ತೆಗೆದು ಹೊಲಿದ ಲಂಗ. ಗಂಟು ಹಾಕಲಷ್ಟೇ ಸಾಲುತ್ತಿದ್ದ ಅದರ ಲಾಡಿ ಈಗ ಗೇಣುದ್ದ ಜೋತಾಡುತ್ತಿತ್ತು. ಬೀದಿಯಲ್ಲಿ ಹೋಗುವವರ ಅಳತೆಯನ್ನೂ ಕಣ್ಣಲ್ಲೇ ಹೇಳುವವಳು, ಮನೆಯೊಳಗಿನ ಈ ಸೊಂಟವನ್ನು ನೋಡಿರಲಿಲ್ಲ. ಹೊರಗೆ ಬೆಕ್ಕು ಕಟ್ಟೆಯ ಮೇಲಿನ ಅನ್ನವನ್ನು ನೆಕ್ಕುತ್ತಿತ್ತು.

"ಯಾವಾಗಿಂದ ಅದಕ್ಕೆ ಹಾಕ್ತಿದೀಯ?"

"ಡಾಕ್ಟರ್ ಹತ್ರ ಹೋಗಿ ಬಂದಾಗಿಂದ. ಇನ್ನೊಂಚೂರು ಇಳಿದ್ರೆ, ನನ್ನ ಎತ್ತಿದ್ದು ನಿನಗೆ ಗೊತ್ತೇ ಆಗಲ್ಲ ಅಮ್ಮ."

ಟೈಲರಮ್ಮನಿಗೆ ಬೈಯಲು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಮಗಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಫೋನ್ ಮಾಡಿದಳು. ಆಪರೇಷನ್ನಿಗೆ ದಿನ ಕೊಡಿ ಎಂದು ಡಾಕ್ಟರನ್ನು ಕೇಳಿದಳು. ಹಾಸ್ಟೆಲಿಗೂ ಮಾಡಿದಳು. ಎತ್ತುವುದಕ್ಕೆ ಯಾರಿದ್ದಾರೆ ಎಂದು ಅವರನ್ನು ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು. ಮಗಳು ಕುರ್ಚಿಯ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಟೈಲರಮ್ಮ ತಟ್ಟೆಗೆ ಮತ್ತೆ ಅನ್ನ ಹಾಕಿಕೊಂಡು ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತುತ್ತು ಕಟ್ಟಿ ಮಗಳ ಬಾಯಿಗೆ ಹಿಡಿದಳು. ಮಗಳು ಬಾಯಿ ಬಿಡಲಿಲ್ಲ.

"ಅಲ್ಲಿ ನನ್ನ ಯಾರು ಎತ್ತೋದು?"

"ಇಬ್ಬರು ಇದಾರಂತೆ. ಗಟ್ಟಿಮುಟ್ಟಾದೋರು."

"ಅವರ ಬೆನ್ನು ಚೆನ್ನಾಗಿದೆಯಾ?"

"ಚೆನ್ನಾಗಿದೆ ಕಣೇ."

ಮಗಳು ಪೆಡಲಿನ ಮೇಲಿದ್ದ ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹಾಗಾದ್ರೆ ಹಾಕು," ಎಂದು ಬಾಯಿ ತೆರೆದಳು.